ನ್ಯಾನೊ ಕಣಗಳಿಂದ ಆಸ್ತಮಾ ಜಾಸ್ತಿ ಆಗುತ್ತಾ? ಮಲೆನಾಡಿಗೆ ಬಂದು ನೆಲೆಸಿದರೆ ತಪ್ಪುತ್ತಾ?

ಮೊದಲನೆಯದಕ್ಕೆ ಹೌದು. ಎರಡನೆಯದಕ್ಕೆ, ನೀವು ಬಂದು ಸೇರುವ ಮನೆಯಲ್ಲಿ ಒಲೆ ಎಲ್ಲಿದೆ ಅನ್ನೋದರ ಮೇಲೆ ಹೋಗುತ್ತದೆ.

ನಾನು ಡಾಕ್ಟರಲ್ಲ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ, ಇನ್ಹೇಲರ್ ಜೇಬಲ್ಲಿಟ್ಟುಕೊಂಡೇ ತೋಟ ಸುತ್ತುವವನು.

ನ್ಯಾನೊ ಅಂದ ಕೂಡಲೇ ಲ್ಯಾಬು ನೆನಪಾಗುತ್ತದೆ. ಆದರೆ 100 ನ್ಯಾನೊಮೀಟರ್‌ಗಿಂತ (ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು) ಸಣ್ಣ ಕಣಗಳೆಲ್ಲ ಈ ಲೆಕ್ಕಕ್ಕೇ ಬರುತ್ತವೆ. ಡೀಸೆಲ್ ಹೊಗೆ, ಸೌದೆ ಹೊಗೆ, ಊದುಬತ್ತಿ, ಸೊಳ್ಳೆ ಬತ್ತಿ, ಎಲ್ಲದರಲ್ಲೂ ರಾಶಿ ರಾಶಿ. ಪೇಪರಿನಲ್ಲಿ ಬರುವ ಪಿಎಂ 2.5 (ಗಾಳಿಯಲ್ಲಿನ ಸಣ್ಣ ಧೂಳಿನ ಅಳತೆ) ತೂಕದ ಲೆಕ್ಕ. ನ್ಯಾನೊ ಕಣಗಳ ತೂಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಎಷ್ಟಿದ್ದರೂ ಆ ಅಂಕಿಯಲ್ಲಿ ಎದ್ದು ಕಾಣುವುದಿಲ್ಲ.

ದಪ್ಪ ಧೂಳು ಮೂಗು, ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಇವು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಇಳಿಯುತ್ತವೆ. ಅಲ್ಲಿ ಕಸ ನುಂಗುವ ಮ್ಯಾಕ್ರೋಫೇಜ್ ಅನ್ನೋ ಜೀವಕೋಶಗಳಿವೆ. ಇಷ್ಟು ಸಣ್ಣದನ್ನು ಹಿಡಿಯಲು ಅವಕ್ಕೂ ಕಷ್ಟ. ಮತ್ತೆ ಇಡೀ ಅಡಿಕೆ ಬಾಯಲ್ಲಿಟ್ಟರೆ ಒಗರು ನಿಧಾನಕ್ಕೆ ಬಿಡುತ್ತದೆ, ಪುಡಿ ಹಾಕಿಕೊಂಡರೆ ತಕ್ಷಣ ನಾಲಿಗೆಗೆ ಹತ್ತುತ್ತದೆ, ಅಲ್ವಾ? ಪುಡಿಯಾದಷ್ಟೂ ತಾಗುವ ಮೈ ಜಾಸ್ತಿ. ಮಸಿಯ ಕಣವೂ ಹಾಗೇ. ಅದರ ಮೈಗೆ ಅಂಟಿದ ಸುಟ್ಟ ರಾಸಾಯನಿಕಗಳು ಜೀವಕೋಶಗಳನ್ನು ಕೆರಳಿಸುತ್ತವೆ, ಅವು ರಕ್ಷಣೆಗೆ ಕೂಗು ಹಾಕುತ್ತವೆ, ಉರಿಯೂತ ಏಳುತ್ತದೆ. ಆಸ್ತಮಾ ಇದ್ದವರ ಶ್ವಾಸನಾಳ ಮೊದಲೇ ಊದಿಕೊಂಡಿರುತ್ತದೆ. ಸಾಲದ್ದಕ್ಕೆ ನಮ್ಮಂಥವರ ಶ್ವಾಸಕೋಶದಲ್ಲಿ ಈ ಕಣಗಳು ಉಳಿಯುವುದೂ ಹೆಚ್ಚು.

2007ರಲ್ಲಿ ಲಂಡನ್‌ನ ಒಂದು ಅಧ್ಯಯನ ಪ್ರಕಟವಾಯಿತು. ಆಸ್ತಮಾ ಇರುವ 60 ಜನರನ್ನು ಒಂದು ದಿನ ಡೀಸೆಲ್ ಬಸ್ಸು, ಟ್ಯಾಕ್ಸಿ ಓಡಾಡುವ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ, ಇನ್ನೊಂದು ದಿನ ಹೈಡ್ ಪಾರ್ಕ್‌ನಲ್ಲಿ ಎರಡೆರಡು ಗಂಟೆ ನಡೆಸಿದರು. ಬೀದಿಯಲ್ಲಿ ನಡೆದ ದಿನ ಉಸಿರಿನ ಬಲ ಹೆಚ್ಚೆಂದರೆ 6.1% ರಷ್ಟು ಕಡಿಮೆಯಾಗಿತ್ತು. ಅಪಾಯದ ಸಂಗತಿ ಏನೆಂದರೆ, ಅವರಿಗೆ ಅದು ಗೊತ್ತೇ ಆಗಿರಲಿಲ್ಲ.

ನನಗೂ ಗೊತ್ತಾಗಿರಲಿಲ್ಲ. ಪ್ರತಿ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಉಬ್ಬಸ ಏಳುತ್ತಿತ್ತು. ಚಳಿಗೆ, ಇಬ್ಬನಿಗೆ ಅಂತ ಸುಮ್ನೆ ಇದ್ದೆ. ಅದೇ ದಿನಗಳಲ್ಲಿ ಹಂಡೆ ಮುಂದೆ ಕೂತು ರಾತ್ರಿ ಹನ್ನೊಂದರವರೆಗೂ ಅಡಿಕೆ ಬೇಯಿಸುತ್ತಿದ್ದೆ! ಒಣ ಸೌದೆ, ಹೊಗೆಯೇ ಕಾಣುವುದಿಲ್ಲ ಅನ್ನೋ ಧೈರ್ಯ ಬೇರೆ. ಆದರೆ ಬೆಂಕಿ ಚೆನ್ನಾಗಿ ಉರಿಯುವಾಗಲೂ ಈ ಕಣಗಳು ಹುಟ್ಟುತ್ತವೆ. (ಮಳೆಗಾಲದ ಬೂಷ್ಟಿನಿಂದ ಬರುವ ಉಬ್ಬಸ ಬೇರೆ ಕಥೆ, ಅದು ನ್ಯಾನೊ ಅಲ್ಲ.)

ಹಾಗಾಗಿ ಬನ್ನಿ, ಆದರೆ ಬಚ್ಚಲೊಲೆಯ ಹೊಗೆ ಒಳಗೆ ನುಗ್ಗದ ಮನೆ ನೋಡಿ. ಹಸಿರು ನಂಬಿ ಇನ್ಹೇಲರ್ ಬಿಡಬೇಡಿ. ಹೊಗೆಯ ಹತ್ತಿರ ಹೋಗುವಾಗ ಮೂಗಿಗೆ ಟವೆಲ್ ಸುತ್ತಿಕೊಂಡರೆ ಪ್ರಯೋಜನವಿಲ್ಲ, ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ನಮ್ಮಲ್ಲಿ ಈಗ ಬೇಯಿಸುವ ಕೆಲಸ ತಮ್ಮನದು. ಸೊಳ್ಳೆ ಬತ್ತಿ ಹೋಗಿ ಪರದೆ ಬಂದಿದೆ. ಊದುಬತ್ತಿ ಮಾತ್ರ ಅಮ್ಮ ಬಿಟ್ಟಿಲ್ಲ, ಕಿಟಕಿ ತೆಗೆಯಲು ಒಪ್ಪಿದ್ದಾರೆ.