ಟ್ಯಾಬ್‌ನಲ್ಲಿ ಕಾಡು, ಬಾಗಿಲಲ್ಲಿ ಹೊಂಗೆ

ಪ್ರಶ್ನೆ: ನಮ್ಮದು ತುಮಕೂರು. ಮಗನಿಗೆ 9 ವರ್ಷ. ಯಜಮಾನರು ಅವನ ಟ್ಯಾಬ್‌ಗೆ ಕಾಡುಪ್ರಾಣಿಗಳ ಗೇಮ್ ಹಾಕಿಕೊಟ್ಟು 'ಇದೂ ಓದೇ' ಅನ್ನುತ್ತಾರೆ. ಮಾವನವರು 'ಆ ಹಲಗೆ ಬಿಸಾಕು' ಅನ್ನುತ್ತಾರೆ. ಮಗನಿಗೆ ಪೆಂಗ್ವಿನ್ ಏನು ತಿನ್ನುತ್ತದೆ ಅಂತ ಗೊತ್ತು, ಬಾಗಿಲ ಮುಂದಿನ ಹೊಂಗೆ ಮರದ ಹೆಸರು ಗೊತ್ತಿಲ್ಲ. ಇಬ್ಬರ ಮಧ್ಯೆ ನಾನೇನು ಮಾಡಲಿ?

ಉತ್ತರ: ಪೆಂಗ್ವಿನ್ ಗೊತ್ತಿದ್ದರೆ ಒಳ್ಳೆಯದೇ ಬಿಡಿ. ಆದರೆ ಹೊಂಗೆಯ ಹೆಸರನ್ನು ಅವನಿಗೆ ಯಾರಾದರೂ ಹೇಳಿದ್ದಾರಾ? ಒಬ್ಬರು ಟ್ಯಾಬ್ ಕೊಡಿಸಿದರು, ಇನ್ನೊಬ್ಬರು ಬೈದರು. ಜೊತೆಗೆ ಅಂಗಳಕ್ಕೆ ಇಳಿದವರು ನಿಮ್ಮ ಪತ್ರದಲ್ಲಿ ಯಾರೂ ಇಲ್ಲ, ಅಲ್ವಾ?

ಈ ಗೇಮ್‌ಗಳಲ್ಲಿ ಎರಡು ಜಾತಿ. ಕೆಲವು ಕಾಡನ್ನೇ ಪರದೆಯೊಳಗೆ ತಂದು ಮಗುವನ್ನು ಸೋಫಾದಲ್ಲೇ ಕೂರಿಸುತ್ತವೆ. ಇನ್ನು ಕೆಲವನ್ನು ಹೊರಗೆ ಹೋಗದೆ ಆಡುವುದಕ್ಕೇ ಆಗುವುದಿಲ್ಲ. ಗಿಡ-ಪ್ರಾಣಿಗಳನ್ನು ಗುರುತಿಸುವ ಐನ್ಯಾಚುರಲಿಸ್ಟ್ ಜಾಲತಾಣದವರ ಸೀಕ್ ಅನ್ನುವ ಉಚಿತ ಆ್ಯಪ್ ಅಂಥದ್ದು. ಗಿಡಕ್ಕೋ ಹುಳುವಿಗೋ ಕ್ಯಾಮೆರಾ ಹಿಡಿದರೆ ಅದು ಯಾವುದೆಂದು ಹೇಳುತ್ತದೆ. ಹೊಸಹೊಸದು ಸಿಕ್ಕಂತೆ ಬ್ಯಾಡ್ಜ್ ಕೊಡುತ್ತದೆ. ಮಗುವಿನ ಹೆಸರಲ್ಲಿ ಖಾತೆ ತೆರೆಯಬೇಕಾಗಿಲ್ಲ. ಪೂರ್ತಿ ಗುರುತು ಸಿಗದಿದ್ದರೆ ಆ ಗಿಡವೋ ಹುಳುವೋ ಸೇರಿದ ದೊಡ್ಡ ಗುಂಪಿನ ಹೆಸರು ಮಾತ್ರ ಹೇಳಿ ಸುಮ್ಮನಾಗುವುದೂ ಉಂಟು.

ನನಗೆ ಇಷ್ಟವಾಗುವುದು ಅದು ಸುಮ್ಮನಾಗುವ ಜಾಗವೇ. ಅಲ್ಲಿ ಮಾವನವರನ್ನು ಕರೆಯಿರಿ. ಆ್ಯಪ್ 'ಪೊಂಗಾಮಿಯಾ' ಅಂದರೆ, 'ಲೋ, ಅದು ಹೊಂಗೆ ಕಣೋ, ಇದರ ಎಣ್ಣೆಯಲ್ಲಿ ದೀಪ ಹಚ್ಚುತ್ತಿದ್ದರು, ಸೊಪ್ಪನ್ನು ಗದ್ದೆಗೆ ಹಾಕಿ ತುಳಿಯುತ್ತಿದ್ದರು' ಅನ್ನುವುದಕ್ಕೆ ತಾತನೇ ಬೇಕು. ಮೊಮ್ಮಗ ತಮ್ಮನ್ನು ಏನೂ ಕೇಳುವುದಿಲ್ಲ ಅನ್ನುವುದೇ ಅವರ ಅರ್ಧ ಸಿಟ್ಟಿಗೆ ಕಾರಣ ಇರಬೇಕು. ಇದು ನನ್ನ ಊಹೆ, ನಿಮಗೇ ಚೆನ್ನಾಗಿ ಗೊತ್ತು.

ಯಜಮಾನರಿಗೂ ಸ್ವಲ್ಪ ಕೆಲಸ ಇರಲಿ. ಒಂದು ಭಾನುವಾರ ದೇವರಾಯನದುರ್ಗದ ದಾರಿಯ ಕಾಡಿನಲ್ಲಿರುವ ನಾಮದ ಚಿಲುಮೆಗೆ ಕರೆದುಕೊಂಡು ಹೋಗಲಿ. ಬೇಸಿಗೆಯಾದರೆ ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಬಹುದು. ಅಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರಿನವರೇ ಅವನ್ನು ಕಾಯುತ್ತಾರೆ. ಅಲ್ಲಿ ಟ್ಯಾಬ್ ಬ್ಯಾಗಿನಲ್ಲೇ ಇರಲಿ.

ಹಳೆಯ ಗೇಮನ್ನು ಏಕಾಏಕಿ ಕಿತ್ತುಕೊಳ್ಳಬೇಡಿ. ಆಮೇಲೆ ಹೊಂಗೆ ಮರದ ಮೇಲೇ ಮುನಿಸು ಬಂದೀತು! ದಿನಕ್ಕೆ ಅರ್ಧ ಗಂಟೆ ಅಂತ ಮಾತಾಡಿಕೊಳ್ಳಿ. ಪೊದೆಗೆ ಕೈ ಹಾಕಬಾರದು ಅಂತ ಮೊದಲೇ ಹೇಳಿಡಿ.

ನಾಳೆ ಸಂಜೆ ಅವನು ಹಾಲು ಕುಡಿದ ಮೇಲೆ ಟ್ಯಾಬನ್ನು ತಾತನ ಕೈಗೇ ಕೊಡಿ. ಹೇಗೆ ಹಿಡಿಯಬೇಕೆಂದು ಮೊಮ್ಮಗನೇ ಹೇಳಿಕೊಡಲಿ.