ಇಡ್ಲಿ ಪಾತ್ರೆಯಿಂದ ಹೈಡ್ರೋಜನ್ ಯಾಕೆ ಬರಲ್ಲ?

ಪ್ರಶ್ನೆ: ನೀರು ಕುದಿಯುವಾಗ ಹೈಡ್ರೋಜನ್ ಬಂಧ ಮುರಿಯುತ್ತದೆ ಅಂತ ಪುಸ್ತಕದಲ್ಲಿದೆ. ಹಾಗಾದರೆ ಇಡ್ಲಿ ಪಾತ್ರೆಯಿಂದ ಹೈಡ್ರೋಜನ್ ಅನಿಲ ಬರಬೇಕಲ್ವಾ? ಅದಕ್ಕೆ ಬೆಂಕಿ ಯಾಕೆ ಹತ್ತಿಕೊಳ್ಳಲ್ಲ?
– ಪಿಯುಸಿ ವಿದ್ಯಾರ್ಥಿನಿ, ತುಮಕೂರು

ಉತ್ತರ: ತುಂಬಾ ಒಳ್ಳೆ ಪ್ರಶ್ನೆ. ಇಡ್ಲಿ ಬೆಂದ ಮೇಲೆ ಮುಚ್ಚಳ ತೆಗೆದು ತಿರುಗಿಸಿ ನೋಡಿ. ಒಳಮೈ ತುಂಬ ನೀರಿನ ಹನಿ. ಮೇಲಕ್ಕೆ ಹೋದ ಆವಿಯೇ ತಣ್ಣಗಾಗಿ ಮತ್ತೆ ನೀರಾಗಿದೆ, ಅಂದರೆ ಅಣು ಒಡೆದೇ ಇಲ್ಲ.

ಗೊಂದಲ ಹುಟ್ಟಿಸೋದು ಆ ಹೆಸರು. ಹೈಡ್ರೋಜನ್ ಬಂಧ ಅಂದ ಕೂಡಲೇ ನೀರಿನ ಅಣುವಿನ ಒಳಗೆ ಹೈಡ್ರೋಜನ್ನು ಆಮ್ಲಜನಕ ಎರಡನ್ನೂ ಹಿಡಿದಿಟ್ಟಿರುವ ಬಂಧ ಅಂತಲೇ ಅನ್ನಿಸುತ್ತದೆ. ಅದಲ್ಲ. ಇದು ಒಂದು ಅಣುವಿಗೂ ಪಕ್ಕದ ಅಣುವಿಗೂ ಇರುವ ಸೆಳೆತ. ಆಮ್ಲಜನಕ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಜಾಸ್ತಿ ಎಳೆದುಕೊಳ್ಳುತ್ತದೆ, ಹಾಗಾಗಿ ಅದರ ಬದಿ ಸ್ವಲ್ಪ ಋಣ, ಹೈಡ್ರೋಜನ್ ಬದಿ ಸ್ವಲ್ಪ ಧನ, ಆ ಧನ ತುದಿ ಪಕ್ಕದ ಅಣುವಿನ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ಎರಡು ಬದಿ ಇರುವ ಅಣುವನ್ನೇ ಪೋಲಾರ್ ಅನ್ನೋದು. ಅಣುವಿನ ಒಳಗಿನ ಬಂಧ ಮುರಿಯಲು ಮೋಲ್‌ಗೆ ಸುಮಾರು 460 ಕಿಲೋಜೂಲ್ ಬೇಕು. ಹೈಡ್ರೋಜನ್ ಬಂಧ ಬಿಡಿಸಲು 20ರ ಆಸುಪಾಸು ಸಾಕು. ಕುದಿಯುವಾಗ ಬಿಟ್ಟುಹೋಗೋದು ಇದೇ.

ಹಾಗಂತ ಇದನ್ನು ಹಗುರವಾಗಿ ನೋಡಬೇಡಿ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅಣು ನೀರಿನ ಅಣುವಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ, ಆದರೂ ಮೈನಸ್ 60 ಡಿಗ್ರಿಯಲ್ಲೇ ಕುದಿಯುತ್ತದೆ, ಯಾಕೆಂದರೆ ಅದರಲ್ಲಿ ಆಮ್ಲಜನಕದ ಜಾಗದಲ್ಲಿರೋದು ಗಂಧಕ, ಗಂಧಕಕ್ಕೆ ಆಮ್ಲಜನಕದಷ್ಟು ಎಳೆಯುವ ಶಕ್ತಿ ಇಲ್ಲ. ನೀರಿಗೆ 100 ಡಿಗ್ರಿ ಬೇಕು.

ಮನೆಯಲ್ಲೇ ಒಂದು ಪ್ರಯೋಗ ಮಾಡಿ, ಒಲೆಯಿಂದ ದೂರ. ಸ್ಟೀಲ್ ತಟ್ಟೆ ಮೇಲೆ ಒಂದು ಹನಿ ನೀರು, ಪಕ್ಕದಲ್ಲಿ ಒಂದು ಹನಿ ಅಸಿಟೋನ್ ಹಾಕಿ. ಉಗುರು ಬಣ್ಣ ತೆಗೆಯುವ ದ್ರವ ಎಷ್ಟೋ ಸಲ ಇದೇ ಆಗಿರುತ್ತದೆ, ಬಾಟಲಿ ಮೇಲೆ ಬರೆದಿರುತ್ತಾರೆ. ನೋಡುನೋಡುತ್ತಲೇ ಅಸಿಟೋನ್ ಮಾಯ, ನೀರು ಅಲ್ಲೇ ಇರುತ್ತದೆ. ನನಗೆ ತುಂಬಾ ಇಷ್ಟವಾದ ವಿಷಯ ಇದು: ಅಸಿಟೋನ್ ನೀರಿಗಿಂತ ಜಾಸ್ತಿ ಪೋಲಾರ್, ಅಣುವೂ ಮೂರು ಪಟ್ಟು ಭಾರ, ಆದರೂ 56 ಡಿಗ್ರಿಗೇ ಕುದಿಯುತ್ತದೆ. ಅದರಲ್ಲಿ ಆಮ್ಲಜನಕ ಇದೆ, ಹೈಡ್ರೋಜನ್ನೂ ಇದೆ, ಆದರೆ ಹೈಡ್ರೋಜನ್ ಎಲ್ಲವೂ ಇಂಗಾಲಕ್ಕೆ ಅಂಟಿಕೊಂಡಿವೆ. ಇಂಗಾಲ ಎಲೆಕ್ಟ್ರಾನ್‌ಗಳನ್ನು ಅಷ್ಟು ಎಳೆಯಲ್ಲ, ಹಾಗಾಗಿ ಪಕ್ಕದ ಅಣುವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಧನ ತುದಿಯೇ ಅದಕ್ಕಿಲ್ಲ.