ಬೆಕ್ಕಿನ ಶುಗರ್ ಇಳಿಯುತ್ತಿಲ್ಲ, ಇನ್ಸುಲಿನ್ ಡೋಸ್ ಏರಿಸಲಾ?

ಏರಿಸಬೇಡಿ. ಸದ್ಯಕ್ಕಂತೂ ಬೇಡ.

ಬೆಳಗ್ಗೆ 340, ರಾತ್ರಿ 320, ಎರಡು ತಿಂಗಳಿಂದ 2 ಯುನಿಟ್ ಗ್ಲಾರ್ಜಿನ್ ಇನ್ಸುಲಿನ್ ಹಾಕಿದರೂ ಜಗ್ಗುತ್ತಿಲ್ಲ, 3ಕ್ಕೆ ಏರಿಸಿ ಆಮೇಲೆ ವಾರವಾರ ಇಳಿಸುತ್ತಾ ಬಂದರೆ ರೆಮಿಷನ್ (ಇನ್ಸುಲಿನ್ ಇಲ್ಲದೆಯೇ ಶುಗರ್ ಸರಿಯಾಗಿ ನಿಲ್ಲುವುದು) ಬೇಗ ಸಿಗುತ್ತಾ, ಬದಲಿಗೆ ಬಾಯಿ ಔಷಧಿ ಕೊಡಬಹುದಾ ಅಂತ ಕೇಳಿದ್ದೀರಿ. ಹೆಸರೊಂದು ಬಿಟ್ಟರೆ ಇದು ನಮ್ಮ ಗುಂಡನ ಕತೆಯೇ. ನೀವು ಬರೆದಿರುವ ಸಂಖ್ಯೆಗಳೆಲ್ಲಾ ಇಂಜೆಕ್ಷನ್‌ಗೆ ಮುಂಚಿನವು. ನಡುವಿನದು ಒಂದೂ ಇಲ್ಲ. ನನ್ನ ನೋಟ್‌ಬುಕ್‌ನಲ್ಲೂ ಇರಲಿಲ್ಲ.

ಗುಂಡ ಸಂತಾನಹರಣ ಆಪರೇಷನ್ ಆದ ಗಂಡು ಬೆಕ್ಕು, 7 ಕೆ.ಜಿ. ದಾಟಿದ್ದ. ಇಂಥ ಬೆಕ್ಕುಗಳಿಗೇ ಸಕ್ಕರೆ ಕಾಯಿಲೆ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ನೀರಿನ ಬಟ್ಟಲು ಖಾಲಿ ಮಾಡಿ ಮತ್ತೆ ಬಂದು ನಿಲ್ಲುತ್ತಿದ್ದ. ಟ್ರೇ ತುಂಬಾ ಮೂತ್ರ. ನನಗೆ ನಿಜವಾಗಿ ಗಾಬರಿಯಾಗಿದ್ದು ಅವನ ಹಿಂಗಾಲು ನೋಡಿ. ಬೆಕ್ಕು ಬೆರಳ ಮೇಲೆ ನಡೆಯುತ್ತೆ ಅಲ್ವಾ, ಇವನು ಹಿಮ್ಮಡಿವರೆಗೂ ನೆಲಕ್ಕೆ ಊರಿಕೊಂಡು ನಡೆಯುತ್ತಿದ್ದ. ರಕ್ತದಲ್ಲಿ ಸಕ್ಕರೆ ಬಹಳ ದಿನ ಏರಿದ್ದರೆ ನರಗಳಿಗೆ ಪೆಟ್ಟು ಬಿದ್ದು ಹೀಗಾಗುತ್ತದೆ. ಡಾಕ್ಟರು 12 ಗಂಟೆಗೊಮ್ಮೆ 1 ಯುನಿಟ್‌ನಿಂದ ಶುರು ಮಾಡಿಸಿದರು. ಹೆಚ್ಚಿನ ಬೆಕ್ಕುಗಳಿಗೆ ಶುರು ಮಾಡುವುದು ಅಷ್ಟರಿಂದಲೇ.

ಮೀಟರ್ ತಂದ ಮೇಲೆ ನಾನು ಬೆಳಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಸೂಜಿ ಹಾಕುವ ಮುಂಚೆ ಮಾತ್ರ ರಕ್ತ ನೋಡುತ್ತಿದ್ದೆ. ಈಗ ಇನ್ಸುಲಿನ್ ಕೊಡಬಹುದೋ ಬೇಡವೋ ಅಂತ ತಿಳಿಯಲು ಆ ಸಂಖ್ಯೆ ಬೇಕೇ ಬೇಕು. ಆದರೆ ಡೋಸ್ ಎಷ್ಟಿರಬೇಕು ಅನ್ನುವುದನ್ನೂ ನಾನು ಅದರಿಂದಲೇ ತೀರ್ಮಾನಿಸಿದೆ. ತಪ್ಪಾಗಿದ್ದು ಇಲ್ಲೇ. 350 ಕಂಡರೆ ಅರ್ಧ ಯುನಿಟ್ ಏರಿಸುವುದು. ಎರಡು ದಿನ ಬಿಟ್ಟು 330 ಕಂಡರೆ ಇನ್ನರ್ಧ. ಹೀಗೇ 3ಕ್ಕೆ ಬಂದೆ. ಡಾಕ್ಟರಿಗೆ ಫೋನ್ ಮಾಡಿದಾಗಲೂ ಈ ಸಂಖ್ಯೆಗಳನ್ನೇ ಓದಿ ಹೇಳುತ್ತಿದ್ದೆ. ಅವರಾದರೂ ಏನು ಮಾಡಿಯಾರು, ನಾನು ಕೊಟ್ಟ ಲೆಕ್ಕದ ಮೇಲೆ ಸರಿ ಅಂದರು.

ಇದರ ನಡುವೆಯೇ ಒಣ ಆಹಾರ ನಿಲ್ಲಿಸಿ, ಕಾರ್ಬೋಹೈಡ್ರೇಟ್ ಕಡಿಮೆ ಇರುವ ಹಸಿ ಆಹಾರಕ್ಕೆ ಬದಲಾಯಿಸಿದೆ. ಅದು ಒಳ್ಳೆಯದೇ, ರೆಮಿಷನ್‌ಗೆ ಅದರಷ್ಟು ಸಹಾಯ ಮಾಡುವುದು ಬೇರೆ ಕಡಿಮೆ. ಆದರೆ ಆಹಾರ ಬದಲಾದ ಕೆಲವೇ ದಿನಗಳಲ್ಲಿ ಬೆಕ್ಕಿಗೆ ಬೇಕಾದ ಇನ್ಸುಲಿನ್ ಇಳಿದುಬಿಡಬಹುದು. ಅಗತ್ಯ ಇಳಿಯುತ್ತಿತ್ತು, ನಾನು ಡೋಸ್ ಏರಿಸುತ್ತಿದ್ದೆ.

ಒಂದು ಮಧ್ಯಾಹ್ನ ಗುಂಡ ಮಂಚದ ಕೆಳಗಿಂದ ಬರಲೇ ಇಲ್ಲ. ಈಚೆಗೆ ಎಳೆದುಕೊಂಡೆ. ಕತ್ತು ನಿಲ್ಲುತ್ತಿಲ್ಲ, ಕಣ್ಣಿನ ಪಾಪೆ ಪೂರ್ತಿ ಅಗಲವಾಗಿದೆ, ನಿಲ್ಲಿಸಿದರೆ ಒಂದು ಪಕ್ಕಕ್ಕೆ ವಾಲುತ್ತಾನೆ. ಕಿವಿ ಚುಚ್ಚಿ ನೋಡಿದೆ, 38. ಬೆರಳಿಗೆ ಜೇನುತುಪ್ಪ ಹಚ್ಚಿಕೊಂಡು ಒಸಡಿಗೆ ಸವರಿದೆ. ಇಂಥ ಹೊತ್ತಲ್ಲಿ ಬಾಯಿಗೆ ಸುರಿಯಲೇಬಾರದು, ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ದಾರಿಯುದ್ದಕ್ಕೂ ಸವರುತ್ತಲೇ ಆಸ್ಪತ್ರೆಗೆ ಓಡಿದೆ. ರಾತ್ರಿಯಿಡೀ ಗ್ಲುಕೋಸ್ ಡ್ರಿಪ್ ಹಾಕಿದರು. ಬದುಕಿಕೊಂಡ.

ಆ ರಾತ್ರಿ ನೋಟ್‌ಬುಕ್ ತೆಗೆದು ನೋಡಿದೆ. ಅದೇ ದಿನ ಬೆಳಗ್ಗೆ, ಸೂಜಿ ಹಾಕುವ ಮುಂಚೆ, ನನ್ನ ಕೈಯಲ್ಲೇ ಬರೆದಿದ್ದ ಸಂಖ್ಯೆ 362. ಆರು ಗಂಟೆಯಲ್ಲಿ 362ರಿಂದ 38ಕ್ಕೆ ಬಿದ್ದಿತ್ತು. ಹಿಂದಿನ ದಿನಗಳಲ್ಲಿ ಮಧ್ಯಾಹ್ನ ಎಷ್ಟಕ್ಕೆ ಬೀಳುತ್ತಿತ್ತೋ ನಾನು ನೋಡಿರಲೇ ಇಲ್ಲ. ಮಧ್ಯಾಹ್ನ ಅವನು ಮಂಕಾಗಿ ಮಲಗಿರುತ್ತಿದ್ದ. ಬೆಕ್ಕು ಮಧ್ಯಾಹ್ನ ಮಲಗದೆ ಇನ್ನೇನು ಮಾಡುತ್ತೆ ಅಂದುಕೊಂಡಿದ್ದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಇನ್ಸುಲಿನ್ ಹಾಕಿದ ಮೇಲೆ ಶುಗರ್ ನಿಧಾನಕ್ಕೆ ಇಳಿಯುತ್ತದೆ, ನಡುವೆ ಎಲ್ಲೋ ತಳ ಮುಟ್ಟುತ್ತದೆ, ಮತ್ತೆ ಏರುತ್ತದೆ. ಮುಂದಿನ ಡೋಸ್ ಹೊತ್ತಿಗೆ ಹಿಂದಿನದರ ಪ್ರಭಾವ ಮುಗಿಯುತ್ತಾ ಬಂದಿರುತ್ತದೆ. ಅಂದರೆ ನೀವು ನೋಡುತ್ತಿರುವುದು ದಿನದ ಅತಿ ಎತ್ತರದ ಸಂಖ್ಯೆಗಳನ್ನು ಮಾತ್ರ. ಬೆಳಗ್ಗೆ 340 ಇರುವ ಒಂದು ಬೆಕ್ಕು ಮಧ್ಯಾಹ್ನ 280ಕ್ಕೆ ಬರಬಹುದು, ಇನ್ನೊಂದು 60ಕ್ಕೆ ಬರಬಹುದು. ಮೊದಲನೆಯದಕ್ಕೆ ಡೋಸ್ ಸಾಲದು. ಎರಡನೆಯದಕ್ಕೆ ಅದೇ ಡೋಸ್ ಅಪಾಯ. ಬೆಳಗಿನ 340 ಈ ಎರಡರಲ್ಲಿ ನಿಮ್ಮದು ಯಾವುದು ಅಂತ ಹೇಳುವುದೇ ಇಲ್ಲ.

ಇನ್ನೂ ಇದೆ. ಶುಗರ್ ತೀರಾ ಕೆಳಗೆ ಬಿದ್ದಾಗ ದೇಹ ಸುಮ್ಮನಿರುವುದಿಲ್ಲ. ಲಿವರ್ ಕೂಡಿಟ್ಟ ಗ್ಲುಕೋಸನ್ನು ರಕ್ತಕ್ಕೆ ಬಿಡುತ್ತದೆ, ಹಾರ್ಮೋನುಗಳೂ ಸೇರಿ ಶುಗರನ್ನು ಮೇಲಕ್ಕೆ ತಳ್ಳುತ್ತವೆ. ಮುಂದಿನ ರೀಡಿಂಗ್ ಆಕಾಶದಲ್ಲಿರುತ್ತದೆ. ಗ್ಲಾರ್ಜಿನ್ ತೆಗೆದುಕೊಳ್ಳುವ ಬೆಕ್ಕುಗಳಲ್ಲಿ ಹೀಗಾಗುವುದು ಅಪರೂಪ ಅನ್ನುವ ವೈದ್ಯರಿದ್ದಾರೆ. ಇರಲಿ. ಅಪರೂಪವಾದರೂ, ಅಲ್ಲದಿದ್ದರೂ, ಎತ್ತರದ ಒಂದು ಸಂಖ್ಯೆ ನೋಡಿ ಡೋಸ್ ಏರಿಸಬಾರದು. ಬೆಕ್ಕಿಗೆ ಭಯವಾದರೂ ಶುಗರ್ ಏರುತ್ತದೆ. ಕಾಯಿಲೆಯೇ ಇಲ್ಲದ ಬೆಕ್ಕು ಕೂಡ ಆಸ್ಪತ್ರೆಯ ಮೇಜಿನ ಮೇಲೆ 300 ತೋರಿಸಬಹುದು.

ನಾನು ಎರಡು ದಿನಕ್ಕೊಮ್ಮೆ ಏರಿಸಿದ್ದು ಇನ್ನೂ ಕೆಟ್ಟದ್ದು. ಬಾಟಲಿಯಲ್ಲಿ ಗ್ಲಾರ್ಜಿನ್ ಆಮ್ಲೀಯವಾಗಿರುತ್ತದೆ. ಚರ್ಮದ ಕೆಳಗೆ ಹೋದ ಕೂಡಲೇ ಸಣ್ಣ ಕಣಗಳಾಗಿ ನಿಂತು, ನಿಧಾನಕ್ಕೆ ಕರಗುತ್ತದೆ. ಅದಕ್ಕೇ ಅದನ್ನು ನೀರು ಬೆರೆಸಿ ತೆಳು ಮಾಡಬಾರದು, ಬೇರೆ ಇನ್ಸುಲಿನ್ ಜೊತೆ ಸೇರಿಸಬಾರದು. ಹೊಸ ಡೋಸ್‌ನ ಪೂರ್ತಿ ಪರಿಣಾಮ ಕಾಣಲು ಹಲವು ದಿನ ಬೇಕು. ಹಿಂದಿನ ಏರಿಕೆ ಏನು ಮಾಡಿತು ಅಂತ ಕಾಣುವ ಮುಂಚೆಯೇ ನಾನು ಮುಂದಿನದನ್ನು ಹಾಕುತ್ತಿದ್ದೆ. ಗುಂಡನ ಹತ್ತಿರ ಒಂದು ವಾರ ಒಂದೇ ಡೋಸ್‌ನಲ್ಲಿ ಕೂರುವ ತಾಳ್ಮೆ ಇತ್ತು, ನನ್ನ ಹತ್ತಿರ ಇರಲಿಲ್ಲ.

ನಿಮ್ಮ ಅವಸರ ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. 2009ರಲ್ಲಿ ಬಂದ ರೂಂಪ್ ಮತ್ತು ರ‍್ಯಾಂಡ್ ಅವರ ಅಧ್ಯಯನ ಎಲ್ಲರೂ ಉದಾಹರಿಸುತ್ತಾರೆ. ಕಾಯಿಲೆ ಗೊತ್ತಾದ ಆರು ತಿಂಗಳೊಳಗೆ ಬಿಗಿಯಾದ ಆರೈಕೆ ಶುರು ಮಾಡಿದ ಬೆಕ್ಕುಗಳಲ್ಲಿ ಶೇ. 84 ರೆಮಿಷನ್‌ಗೆ ಬಂದವು, ಆರು ತಿಂಗಳ ನಂತರ ಶುರು ಮಾಡಿದವುಗಳಲ್ಲಿ ಶೇ. 35 ಮಾತ್ರ. ಇದನ್ನು ಓದಿ ನಾನೂ ಬೆವರಿದ್ದೆ. ಆದರೆ ಅಲ್ಲಿ ಮಾಡಿದ್ದೇನು ಅಂತ ನೋಡಿ. ಮನೆಯಲ್ಲೇ ದಿನಕ್ಕೆ ಹಲವು ಸಲ ರಕ್ತ ಪರೀಕ್ಷಿಸಿ, ಆ ಲೆಕ್ಕದ ಮೇಲೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಡೋಸ್ ಬದಲಾಯಿಸಿದರು. ಬೇಗ ಶುರು ಮಾಡಬೇಕಾದ್ದು ಅಳತೆಯನ್ನು. ದೊಡ್ಡ ಡೋಸ್ ಹಾಕಿದ ಮಾತ್ರಕ್ಕೆ ರೆಮಿಷನ್ ಬೇಗ ಬರುವುದಿಲ್ಲ. ವಾರಕ್ಕೆ ಇಷ್ಟು ಇಳಿಸಿ ಅನ್ನುವ ಟೈಮ್‌ಟೇಬಲ್ ಕೂಡ ಇಲ್ಲ. ಶುಗರ್ ಹತೋಟಿಯಲ್ಲಿದ್ದಷ್ಟು ಹೊತ್ತು ಮೇದೋಜೀರಕದ ಸುಸ್ತಾದ ಕೋಶಗಳಿಗೆ ಬಿಡುವು ಸಿಗುತ್ತದೆ. ಅವು ಚೇತರಿಸಿಕೊಂಡರೆ ಡೋಸ್ ತಾನಾಗಿ ಇಳಿಸಬೇಕಾಗಿ ಬರುತ್ತದೆ. ಇಳಿಸಿ ಇಳಿಸಿ ಅವನ್ನು ಎಬ್ಬಿಸಲು ಆಗುವುದಿಲ್ಲ.

ಹಾಗಾಗಿ ಮೊದಲು ಒಂದು ಕರ್ವ್ ಮಾಡಿ. ರಜೆಯ ದಿನ, ಬೆಳಗಿನ ಡೋಸ್‌ನಿಂದ ರಾತ್ರಿಯ ಡೋಸ್‌ವರೆಗೆ ಎರಡೆರಡು ಗಂಟೆಗೊಮ್ಮೆ ರೀಡಿಂಗ್. ಕಿವಿ ಚುಚ್ಚಲು ಹೆದರಬೇಡಿ. ಮೊದಲು ಬೆಚ್ಚಗಿನ ಬಟ್ಟೆಯನ್ನು ಕಿವಿಗೆ ಹಿಡಿಯಿರಿ, ಇಲ್ಲವಾದರೆ ರಕ್ತ ಸುಲಭವಾಗಿ ಬರುವುದಿಲ್ಲ. ಕಿವಿಯ ಹೊರ ಅಂಚಿನಲ್ಲಿ ಒಂದು ಸಣ್ಣ ರಕ್ತನಾಳ ಓಡುತ್ತದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ. ಆ ನಾಳಕ್ಕೂ ಅಂಚಿಗೂ ನಡುವೆ ಚುಚ್ಚಬೇಕು. ಹಿಂದೆ ಮಡಿಸಿದ ಹತ್ತಿ ಇಟ್ಟುಕೊಳ್ಳಿ, ಸೂಜಿ ಆಚೆ ಬಂದು ನಿಮ್ಮ ಬೆರಳಿಗೆ ತಾಗುವುದಿಲ್ಲ. ಸಾಸಿವೆಕಾಳಿನಷ್ಟು ರಕ್ತ ಸಾಕು, ಸ್ಟ್ರಿಪ್ ತಾನೇ ಹೀರಿಕೊಳ್ಳುತ್ತದೆ. ಆಮೇಲೆ ಹತ್ತಿ ಒತ್ತಿ ಹಿಡಿದು, ಸಕ್ಕರೆ ಇಲ್ಲದ ಏನಾದರೂ ತಿನ್ನಲು ಕೊಡಿ. ಗುಂಡ ಮೊದಮೊದಲು ಗುರುಗುಟ್ಟುತ್ತಿದ್ದ. ಆಮೇಲೆ ಮೀಟರ್ ಡಬ್ಬಿಯ ಜಿಪ್ ಸದ್ದು ಕೇಳಿದರೆ ತಾನೇ ಬಂದು ಟವೆಲ್ ಮೇಲೆ ಕೂರುತ್ತಿದ್ದ.

ಮೀಟರ್ ಬಗ್ಗೆ ಒಂದು ಮಾತು. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅದನ್ನೇ ಬಳಸಿದರೂ ಪರವಾಗಿಲ್ಲ, ಆದರೆ ಕೊನೆತನಕ ಒಂದೇ ಮೀಟರ್ ಇರಲಿ, ಯಾವುದು ಅಂತ ಡಾಕ್ಟರಿಗೆ ಗೊತ್ತಿರಲಿ. ನಾನು ಬರೆದ ಸಂಖ್ಯೆಗಳು ಎಂಜಿ/ಡಿಎಲ್ ಲೆಕ್ಕದವು. ನಿಮ್ಮ ಮೀಟರ್ ಮಿಲಿಮೋಲ್ ತೋರಿಸಿದರೆ 18ರಿಂದ ಗುಣಿಸಿಕೊಳ್ಳಿ.

ಕರ್ವ್ ಬಂದ ಮೇಲೆ ಅದನ್ನು ಡಾಕ್ಟರಿಗೆ ತೋರಿಸಿ, ಡೋಸ್ ಅವರ ಜೊತೆ ಕೂತು ತೀರ್ಮಾನಿಸಿ. ತಳದ ರೀಡಿಂಗ್ 80ರಿಂದ 150ರ ನಡುವೆ ಇರಬೇಕು ಅನ್ನುವುದು ಸಾಮಾನ್ಯ ಗುರಿ. ತಳವೂ ಎತ್ತರದಲ್ಲೇ ಇದ್ದರೆ ಕಾಲು ಅಥವಾ ಅರ್ಧ ಯುನಿಟ್ ಏರಿಸುವುದು, ಐದರಿಂದ ಏಳು ದಿನ ಅಲ್ಲೇ ನಿಲ್ಲುವುದು, ಮತ್ತೆ ನೋಡುವುದು. 80ಕ್ಕಿಂತ ಕೆಳಗಿದ್ದರೆ ಇಳಿಸಲೇಬೇಕು, ಇದಕ್ಕೆ ವಾರ ಕಾಯುವಂತಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಗುಂಡನನ್ನು ಮತ್ತೆ 1 ಯುನಿಟ್‌ಗೆ ತಂದೆವು. ಅವನ ತಳ ಸೂಜಿ ಹಾಕಿದ ಹೆಚ್ಚುಕಮ್ಮಿ ಆರನೇ ಗಂಟೆಗೆ ಬರುತ್ತೆ ಅಂತ ಗೊತ್ತಾಗಿದ್ದು ಆಗಲೇ. ನಿಮ್ಮದರ ಗಂಟೆ ಬೇರೆ ಇರಬಹುದು.

ಸಿರಿಂಜನ್ನೂ ಒಮ್ಮೆ ನೋಡಿ. ಗ್ಲಾರ್ಜಿನ್ ಸಾಮಾನ್ಯವಾಗಿ ಯು-100, ಅಂದರೆ ಒಂದು ಮಿ.ಲೀ.ಗೆ 100 ಯುನಿಟ್. ಅದನ್ನು ಯು-40 (ಮಿ.ಲೀ.ಗೆ 40 ಯುನಿಟ್ ಲೆಕ್ಕದ) ಸಿರಿಂಜ್‌ನಲ್ಲಿ ಎಳೆದರೆ 1ರ ಗೆರೆಗೆ ಎರಡೂವರೆ ಯುನಿಟ್ ಬರುತ್ತದೆ. ಅರ್ಧ ಯುನಿಟ್ ಗೆರೆ ಇರುವ 0.3 ಮಿ.ಲೀ. ಸಿರಿಂಜ್ ಕೇಳಿ ತೆಗೆದುಕೊಳ್ಳಿ. ಸೂಜಿ ಚರ್ಮಕ್ಕೆ ಹೋಯಿತೋ ರೋಮಕ್ಕೆ ಚೆಲ್ಲಿತೋ ಅನುಮಾನ ಬಂದರೆ ಎರಡನೇ ಸಲ ಹಾಕಲೇಬೇಡಿ. ಒಂದು ಹೊತ್ತು ಶುಗರ್ ಏರಿದರೆ ನಡೆಯುತ್ತದೆ, ಡಬಲ್ ಡೋಸ್ ನಡೆಯುವುದಿಲ್ಲ. ಬೆಕ್ಕು ಊಟ ಬಿಟ್ಟರೆ ಪೂರ್ತಿ ಡೋಸ್ ಹಾಕುವ ಮುಂಚೆ ಡಾಕ್ಟರನ್ನು ಕೇಳಿ.

ಕರ್ವ್‌ನಲ್ಲಿ ತಳ ನಿಜವಾಗಿಯೂ ಎತ್ತರದಲ್ಲಿದ್ದು, ಹಂತಹಂತವಾಗಿ ಏರಿಸಿದರೂ ಜಗ್ಗದಿದ್ದರೆ ಹಲ್ಲು ನೋಡಿಸಿ, ಮೂತ್ರದ ಸೋಂಕು ನೋಡಿಸಿ, ಸ್ಟೀರಾಯ್ಡ್ ಏನಾದರೂ ಕೊಟ್ಟಿದ್ದೀರಾ ಅಂತ ನೆನಪಿಸಿಕೊಳ್ಳಿ. ಪಿಟ್ಯುಟರಿ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನ್ ಜಾಸ್ತಿ ಬರುವ ಬೆಕ್ಕುಗಳೂ ಇವೆ, ಅವುಗಳ ದಾರಿಯೇ ಬೇರೆ. ನೀವು ಕೇಳಿದ ಬಾಯಿ ಔಷಧಿ, ಬೆಕ್ಸಾಗ್ಲಿಫ್ಲೋಜಿನ್, 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು. ಅದು ಆಗಲೇ ಇನ್ಸುಲಿನ್ ಮೇಲಿರುವ ಬೆಕ್ಕುಗಳಿಗೆ ಅಲ್ಲ. ಆ ಯೋಚನೆ ಬಿಡಿ.

ಇಳಿಯುವ ದಾರಿ ಹೀಗಿತ್ತು. ಒಂದೇ ಡೋಸ್‌ನಲ್ಲಿ ಗುಂಡನ ತಳ 120, ಆಮೇಲೆ 95, ಆಮೇಲೆ 76 ಅಂತ ಬರತೊಡಗಿತು. ಕಾಲು ಯುನಿಟ್ ಇಳಿಸಿದೆವು. ಕೆಲವು ದಿನದಲ್ಲಿ ಮತ್ತೆ ಅದೇ. ಮತ್ತೆ ಇಳಿಸಿದೆವು. ಹಿಂಗಾಲು ನೆಟ್ಟಗಾಗಲು ತಿಂಗಳುಗಳೇ ಹಿಡಿದವು, ಆದರೆ ಒಂದು ದಿನ ಕಿಟಕಿ ಕಟ್ಟೆಗೆ ತಾನೇ ಹಾರಿದ. ಅರ್ಧ ಯುನಿಟ್‌ಗೆ ಬಂದಾಗ ನಿಲ್ಲಿಸಿಬಿಡೋಣ ಅಂತ ನನಗೆ ಕೈ ತುರಿಸುತ್ತಿತ್ತು. ಡಾಕ್ಟರು ತಡೆದರು. ಅಲ್ಲಿ ಇನ್ನೂ ಸ್ವಲ್ಪ ದಿನ ನಿಂತರೆ ಆ ಕೋಶಗಳಿಗೆ ಅಷ್ಟು ಜಾಸ್ತಿ ವಿಶ್ರಾಂತಿ ಅಂದರು. ಆಮೇಲೆ ದಿನಕ್ಕೊಂದೇ ಸಲ, ಆಮೇಲೆ ಪೂರ್ತಿ ಬಂದ್. ಇನ್ಸುಲಿನ್ ಇಲ್ಲದೆ ನಾಲ್ಕು ವಾರ ಶುಗರ್ ಸರಿಯಾಗಿ ನಿಂತರೆ ರೆಮಿಷನ್ ಅನ್ನುತ್ತಾರೆ. ಗುಂಡ ನಿಂತ.

ನಿಂತ ಮಾತ್ರಕ್ಕೆ ಮುಗಿಯಲಿಲ್ಲ. ಕಾಯಿಲೆ ವಾಪಸ್ ಬರುವ ಬೆಕ್ಕುಗಳು ಕಡಿಮೆಯೇನಲ್ಲ. ನಾನು ಈಗಲೂ ವಾರಕ್ಕೊಮ್ಮೆ ಕಿವಿ ಚುಚ್ಚುತ್ತೇನೆ, ತೂಕ ನೋಡುತ್ತೇನೆ, ಒಣ ಆಹಾರ ಮನೆಗೆ ತರುವುದಿಲ್ಲ.

ಈ ವಾರ ಡೋಸ್ 2ರಲ್ಲೇ ಇರಲಿ, ನಾಳೆ ಬೆಳಗಿನ ಸೂಜಿ ಹಾಕಿದ ಆರನೇ ಗಂಟೆಗೆ ಒಂದು ರೀಡಿಂಗ್ ಆದರೂ ತೆಗೆಯಿರಿ. ಅದು 80ರ ಕೆಳಗೆ ಬಂದರೆ ಮುಂದಿನ ಡೋಸ್‌ಗೆ ಮುಂಚೆ ಡಾಕ್ಟರಿಗೆ ಫೋನ್ ಮಾಡಿ. ಹೆದರಿ ಇನ್ಸುಲಿನ್ ಒಮ್ಮೆಲೇ ನಿಲ್ಲಿಸಲೂಬೇಡಿ, ಕೀಟೋನ್ (ದೇಹ ಕೊಬ್ಬು ಕರಗಿಸುವಾಗ ಹುಟ್ಟುವ ಪದಾರ್ಥ) ಏರಿದರೆ ಅದೂ ಪ್ರಾಣಕ್ಕೆ ಬರುತ್ತದೆ. ಮೂತ್ರದ ಕೀಟೋನ್ ಸ್ಟ್ರಿಪ್ ಮನೆಯಲ್ಲಿಟ್ಟುಕೊಳ್ಳಿ. ಕರ್ವ್ ಆದ ಮೇಲೆ ಗಂಟೆ, ಸಂಖ್ಯೆ, ಮೀಟರ್, ಸಿರಿಂಜ್ ಯಾವುದು, ಏನು ತಿನ್ನಿಸುತ್ತಿದ್ದೀರಿ, ಎಲ್ಲಾ ಇಲ್ಲೇ ಕೆಳಗೆ ಬರೆಯಿರಿ. ನೋಡಿ ಹೇಳುತ್ತೇನೆ.